ನಾಗಾರ್ಜುನಕೊಂಡ: ಕಲ್ಲುಗಳನ್ನ ಬೆಟ್ಟ ಹತ್ತಿಸಿದರು, ಹೆಸರುಗಳನ್ನ?



ಹೋದ ತಿಂಗಳು ನಾಗಾರ್ಜುನಕೊಂಡಕ್ಕೆ ಹೋಗಿ ಬಂದೆ. ಫೋಟೋ ನೋಡಿ ಬಹಳ ಜನ ಗೆಳೆಯರು "ಇದೆಲ್ಲಿ ಅಣ್ಣಾ, ಅಲ್ಲಿ ಏನಿದೆ?" ಅಂತ ಕೇಳಿದ್ರಿ. ಎರಡು ಸಾಲಿನಲ್ಲಿ ಹೇಳಿ ಮುಗಿಸೋ ಮಾತಲ್ಲ. ಬರಹ ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೈದರಾಬಾದಿನಿಂದ ಸುಮಾರು 150 ಕಿಲೋಮೀಟರ್ ದೂರದಲ್ಲಿ ಕೃಷ್ಣಾ ನದಿಗೆ ಕಟ್ಟಿದ ನಾಗಾರ್ಜುನಸಾಗರ ಅಣೆಕಟ್ಟು ಇದೆ. ಅಣೆಕಟ್ಟಿನ ಹಿನ್ನೀರಿನ ನಡುವೆ ಒಂದು ದ್ವೀಪ. ಅದೇ ನಾಗಾರ್ಜುನಕೊಂಡ. ತೆಲುಗಿನಲ್ಲಿ ಕೊಂಡ ಅಂದ್ರೆ ಬೆಟ್ಟ. ಒಂದು ಕಾಲಕ್ಕೆ ಅದು ಕಣಿವೆಯ ನಡುವೆ ನಿಂತಿದ್ದ ಬೆಟ್ಟ, ಈಗ ಅದರ ತುದಿ ಮಾತ್ರ ನೀರಿನ ಮೇಲಿದೆ. ರಸ್ತೆ ಇಲ್ಲ. ವಿಜಯಪುರಿ ಸೌತ್‌ನ ಜೆಟ್ಟಿಯಿಂದ ಲಾಂಚ್ ಹತ್ತಬೇಕು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ನೀರಿನ ಮೇಲೆ ಹೋಗಬೇಕು.

ನಾನು ರಾಯಚೂರು ಜಿಲ್ಲೆಯವನು. ಕೃಷ್ಣೆಯ ದಂಡೆಯ ಸೀಮೆಯಲ್ಲೇ ಹುಟ್ಟಿ ಬೆಳೆದವನು. ಆದ್ರೂ ಅವತ್ತು ಲಾಂಚಿನಲ್ಲಿ ಕೂತಾಗ ಎದೆ ಡವಗುಟ್ಟಿತು. ಈಜು ಬರಲ್ಲ ಅಂತ ಅಲ್ಲ. ನಮ್ಮ ಕಾಲಡಿ ಏನಿದೆ ಅನ್ನೋದು ಓದಿಕೊಂಡು ಹೋಗಿದ್ದೆ. ಅಕ್ಕಪಕ್ಕದವರು ಸೆಲ್ಫಿ ತೆಗೀತಿದ್ರು, ಮಕ್ಕಳು ಕುರ್‌ಕುರೆ ತಿಂತಿದ್ರು, ಸ್ಪೀಕರಿನಲ್ಲಿ ತೆಲುಗು ಸಿನಿಮಾ ಹಾಡು. ಕೆಳಗೆ ಒಂದು ರಾಜಧಾನಿಯೇ ಮುಳುಗಿದೆ.

ಆ ರಾಜಧಾನಿಯ ಹೆಸರು ವಿಜಯಪುರಿ. ಶಾತವಾಹನರ ನಂತರ, ಕ್ರಿಸ್ತಶಕ 3ನೇ ಶತಮಾನದಲ್ಲಿ, ಇಕ್ಷ್ವಾಕು ಅನ್ನೋ ಅರಸು ಮನೆತನ ಅಲ್ಲಿಂದ ಆಳಿತು. ಶಾಸನಗಳಲ್ಲಿ ಆ ಬೆಟ್ಟಕ್ಕೆ ಶ್ರೀಪರ್ವತ ಅಂತ ಹೆಸರು. ಮೂರು ಕಡೆ ಬೆಟ್ಟ, ಒಂದು ಕಡೆ ಕೃಷ್ಣೆ. ನಡುವಿನ ಕಣಿವೆಯಲ್ಲಿ ಸ್ತೂಪಗಳು, ಚೈತ್ಯಗಳು, ಭಿಕ್ಕುಗಳು ಇರೋ ವಿಹಾರಗಳು, ಸ್ನಾನದ ಘಟ್ಟ, ಮೆಟ್ಟಿಲಿನ ಬಯಲು ರಂಗಮಂಟಪ. ನೂರಕ್ಕೂ ಹೆಚ್ಚು ಪ್ರಾಚೀನ ನೆಲೆಗಳನ್ನ ಪುರಾತತ್ವದವರು ಅಲ್ಲಿ ಗುರುತಿಸಿದ್ರು.

ರಾಜ ವಾಸಿಷ್ಠೀಪುತ್ರ ಚಾಂತಮೂಲ ಅಶ್ವಮೇಧ ಮಾಡಿದವನು. ವೈದಿಕ ಯಜ್ಞಗಳು, ಗೋದಾನ, ಚಿನ್ನದ ದಾನ, ಎಲ್ಲ ಅವನ ಹೆಸರಲ್ಲಿವೆ. ಹಾಗಾದ್ರೆ ಬುದ್ಧನಿಗೆ ಇಷ್ಟೆಲ್ಲ ಕಟ್ಟಿದವರು ಯಾರು?

ಹೆಣ್ಣುಮಕ್ಕಳು.

ಇದನ್ನ ನಾನು ಉತ್ಪ್ರೇಕ್ಷೆ ಮಾಡ್ತಿಲ್ಲ. ಕಲ್ಲಿನ ಮೇಲೆ ಇದೆ. ಅಲ್ಲಿನ ಮಹಾಚೈತ್ಯವನ್ನ ಮತ್ತೆ ಎದ್ದು ನಿಲ್ಲಿಸಿದವಳು ಚಾಂತಮೂಲನ ತಂಗಿ ಚಾಂತಿಸಿರಿ. ಅಣ್ಣನ ಮಗ ವೀರಪುರುಷದತ್ತನ ಆಳ್ವಿಕೆಯ 6ನೇ ವರ್ಷದಲ್ಲಿ ಆ ಕೆಲಸ ಮುಗಿಯಿತು, ಆನಂದ ಅನ್ನೋ ಭದಂತರು ಮೇಲ್ವಿಚಾರಣೆ ಮಾಡಿದ್ರು. ನೂರಡಿಗಿಂತ ಹೆಚ್ಚು ಅಗಲದ ಸ್ತೂಪ ಅದು. ತಳಪಾಯ ಗಾಡಿಯ ಚಕ್ರದ ಥರ: ನಡುವೆ ಗುಂಬ, ಅದರಿಂದ ಅರಗಳು, ಸುತ್ತಲೂ ಪಟ್ಟಿ. ಅರಗಳ ನಡುವಿನ ಜಾಗಕ್ಕೆ ಮಣ್ಣು ತುಂಬಿ ಮೇಲೆ ಗುಮ್ಮಟ ಎಬ್ಬಿಸೋದು. ಕಡಿಮೆ ಇಟ್ಟಿಗೆಯಲ್ಲಿ ಗಟ್ಟಿ ಕಟ್ಟಡ. ನಮ್ಮ ಗಾರೆ ಕೆಲಸದ ಹುಡುಗರು ನೋಡಿದ್ರೆ ತಕ್ಷಣ ಅರ್ಥ ಆಗುತ್ತೆ.

ಚಾಂತಿಸಿರಿ ರಾಜನ ಮನೆಯವಳು, ಅವಳ ಹತ್ರ ದುಡ್ಡಿತ್ತು ಅನ್ನಬಹುದು. ಹಾಗಿದ್ರೆ ಬೋಧಿಸಿರಿಯನ್ನ ನೋಡಿ. ಅವಳು ರಾಣಿ ಅಲ್ಲ. ಒಬ್ಬ ಉಪಾಸಿಕೆ, ಗೃಹಸ್ಥನ ಹೆಂಡತಿ. ಚುಲ್ಲಧಮ್ಮಗಿರಿ ಅನ್ನೋ ಸಣ್ಣ ಗುಡ್ಡದ ಮೇಲೆ ತಂಬಪಣ್ಣಿಯ, ಅಂದ್ರೆ ಸಿಂಹಳದ, ಭಿಕ್ಕುಗಳಿಗಾಗಿ ಚೈತ್ಯಗೃಹ ಕಟ್ಟಿಸಿದಳು. ಅದರ ನೆಲದ ಕಲ್ಲಿನಲ್ಲಿ ಉದ್ದದ ಶಾಸನ ಬರೆಸಿದ್ದಾಳೆ. ಅದರಲ್ಲಿ ಗಂಡನ ಹೆಸರು, ತಂದೆ ತಾಯಿ, ಅಣ್ಣ ತಮ್ಮಂದಿರು, ಅಕ್ಕ ತಂಗಿಯರು, ನೆಂಟರು ಬರ್ತಾರೆ. ಆಮೇಲೆ ಬೇರೆ ಬೇರೆ ಕಡೆ ತಾನು ಮಾಡಿಸಿದ ಕೆಲಸಗಳ ಪಟ್ಟಿ: ಒಂದು ಕಡೆ ಮಂಟಪ, ಒಂದು ಕಡೆ ಭಿಕ್ಕುವಿಗೆ ಕೋಣೆ, ಇನ್ನೊಂದು ಕಡೆ ಕೆರೆ. ಮದುವೆ ಕಾರ್ಡಿನಲ್ಲಿ ಎಲ್ಲರ ಹೆಸರು ಬಂತೋ ಇಲ್ಲವೋ ಅಂತ ನಮ್ಮ ಅವ್ವಂದಿರು ಎಣಿಸ್ತಾರಲ್ಲ, ಹಾಗೆ ಒಬ್ಬರನ್ನೂ ಬಿಡದೆ ಬರೆಸಿದ್ದಾಳೆ.

ನಮ್ಮ ಕರ್ನಾಟಕದ ನಂಟೂ ಅಲ್ಲಿದೆ. ವೀರಪುರುಷದತ್ತನ ಮಗಳು ಕೊಡಬಲಿಸಿರಿಯನ್ನ ಬನವಾಸಿಯ ಮಹಾರಾಜನಿಗೆ ಮದುವೆ ಮಾಡಿಕೊಟ್ಟಿದ್ರು. ಅವಳು ತವರಿನಲ್ಲಿ ಮಹಿಶಾಸಕ ಪಂಥದ ಆಚಾರ್ಯರಿಗೆ ಒಂದು ವಿಹಾರ ಕಟ್ಟಿಸಿದಳು. ಬೋಧಿಸಿರಿಯ ಶಾಸನದಲ್ಲೂ ಕಾಶ್ಮೀರ, ಗಾಂಧಾರ, ಚೀನಾ, ವಂಗ, ದಮಿಳ ನಾಡುಗಳ ಜೊತೆ ವನವಾಸಿಯ ಹೆಸರಿದೆ. ಅತ್ತ ಬನವಾಸಿಯ ಮಧುಕೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ನಾಗರಕಲ್ಲು ಇದೆ, ನೋಡಿರಬಹುದು. ಅದರ ಶಾಸನದಲ್ಲೂ ಒಬ್ಬ ರಾಜಕುಮಾರಿ ನಾಗ, ಕೆರೆ ಮತ್ತು ವಿಹಾರ ದಾನ ಮಾಡಿದ ಮಾತಿದೆ. ಕೆತ್ತಿದ ಕೈ ಯಾರದ್ದು ಅಂತಾನೂ ಇದೆ: ನಟಕ. ಸಾವಿರದ ಏಳುನೂರು ವರ್ಷ ಕಳೆದ ಮೇಲೂ ಒಬ್ಬ ಕಲ್ಲುಕುಟಿಗನ ಹೆಸರು ನಮಗೆ ಗೊತ್ತು.

ಇಲ್ಲಿ ಸ್ವಲ್ಪ ನಿಲ್ಲಿ. ನನ್ನ ಮನಸ್ಸಿನಲ್ಲಿ ಲಾಂಚಿನುದ್ದಕ್ಕೂ ಸುತ್ತಿದ ಇನ್ನೊಂದು ಹೆಸರು ಹೇಳಬೇಕು. ಅದು ನಾಗಾರ್ಜುನಕೊಂಡದ್ದಲ್ಲ, ಅದೇ ಕೃಷ್ಣೆಯ ದಂಡೆಯಲ್ಲಿ ಕೆಳಗೆ ಇರೋ ಅಮರಾವತಿಯದ್ದು.

ಅಮರಾವತಿ ಸ್ತೂಪದ ಒಂದು ಫಲಕದ ಮೇಲೆ ಪೂರ್ಣಘಟ ಇದೆ, ಹೂವು ತುಂಬಿದ ಕೊಡ. ಅದನ್ನ ದಾನ ಕೊಟ್ಟವನು ವಿಧಿಕ. ಅವನು ಯಾರು? ಶಾಸನ ಹೇಳುತ್ತೆ: ಚಮ್ಮಕಾರ. ತೊಗಲಿನ ಕೆಲಸದವನು. ಅವನ ತಂದೆ ಯಾರು? ನಾಗ ಅನ್ನೋ ಉಪಾಧ್ಯಾಯ. ಗುರು! ತಾಯಿ, ಹೆಂಡತಿ, ಅಣ್ಣತಮ್ಮಂದಿರು, ಮಗ, ಹೆಣ್ಣುಮಕ್ಕಳು, ನೆಂಟರಿಷ್ಟರು, ಸ್ನೇಹಿತರು ಎಲ್ಲರ ಜೊತೆ ಸೇರಿ ಕೊಟ್ಟ ದಾನ ಅಂತ ಇದೆ. ಮಗನಿಗೆ ತಾತನ ಹೆಸರೇ ಇಟ್ಟಿದ್ದಾನೆ, ನಾಗ.

ಇದನ್ನ ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮ ಮುತ್ಯಾ ತೊಗಲಿನ ಕೆಲಸ ಮಾಡಿದವರು. ಉಳಿ, ರಂಪಿಗೆ ಹಿಡಿದು ಬೆರಳೆಲ್ಲ ಗಾಯ. ಊರಿನ ಬಾವಿಯಿಂದ ಹೊಲಕ್ಕೆ ನೀರೆತ್ತೋ ತೊಗಲಿನ ಚೀಲ ಹೊಲಿದು ಕೊಡ್ತಿದ್ದವರು ಅವರೇ. ಅವರು ಹೊಲಿದ ಚೀಲ ಬಾವಿಗೆ ಇಳೀತಿತ್ತು. ಅವರು ಆ ಬಾವಿ ಕಟ್ಟೆ ಹತ್ತೋ ಹಾಗಿರಲಿಲ್ಲ. ಅವರ ಹೆಸರು ಎಲ್ಲೂ ಬರೆದಿಲ್ಲ. ಪಹಣಿಯಲ್ಲಿ ಇಲ್ಲ, ಹೊಲ ಇರಲಿಲ್ಲ. ಶಾಲೆಯ ದಾಖಲೆಯಲ್ಲಿ ಇಲ್ಲ, ಶಾಲೆಗೆ ಹೋಗಿರಲಿಲ್ಲ. ಊರಿನವರು ಕರೆದದ್ದು ಜಾತಿ ಹಿಡಿದು. ಹಾಗಿರುವಾಗ ಅದೇ ನದಿಯ ದಂಡೆಯಲ್ಲಿ, ಅದೇ ಕಸುಬಿನ ಒಬ್ಬ ಮನುಷ್ಯ ತಂದೆಯ ಹೆಸರಿನ ಜೊತೆ, ಮಗನ ಹೆಸರಿನ ಜೊತೆ, ಬುದ್ಧನ ಸ್ತೂಪದ ಮೇಲೆ ತನ್ನ ಹೆಸರು ಕೆತ್ತಿಸಿದ್ದಾನೆ. ಯಾರೂ ತಡೀಲಿಲ್ಲ.

ಒಂದು ಎಚ್ಚರಿಕೆ. ಆ ಕಾಲದಲ್ಲಿ ಎಲ್ಲ ಸಮಾನವಾಗಿತ್ತು ಅಂತ ನಾನು ಹೇಳ್ತಿಲ್ಲ. ಯಜ್ಞ ಮಾಡೋ ರಾಜ ಇದ್ದ, ಕುಲದ ಹೆಗ್ಗಳಿಕೆ ಇತ್ತು, ಶಾಸನಗಳಲ್ಲೇ ಅದು ಕಾಣುತ್ತೆ. ವಿಧಿಕನ "ಚಮ್ಮಕಾರ" ಅನ್ನೋ ಪದ ಇವತ್ತಿನ ಜಾತಿಗೆ ನೇರ ಗಂಟು ಹಾಕೋದೂ ಸರಿಯಲ್ಲ, ಅದು ಕಸುಬಿನ ಹೆಸರು. ಆದ್ರೆ ಇಷ್ಟು ಮಾತ್ರ ಖಚಿತ: ತೊಗಲು ಮುಟ್ಟೋ ಕೈ ಬುದ್ಧನನ್ನ ಮುಟ್ಟಬಾರದು ಅನ್ನೋ ಕಾನೂನು ಆ ಸ್ತೂಪದ ಹತ್ರ ನಡೀಲಿಲ್ಲ. ಅಸ್ಪೃಶ್ಯತೆ ಅನಾದಿಕಾಲದಿಂದ ಇದೆ ಅನ್ನೋರಿಗೆ ಈ ಒಂದು ಕಲ್ಲು ಸಾಕು.

ಹಾಗೇ ನಮ್ಮ ಗುಂಪುಗಳಲ್ಲಿ ಓಡಾಡೋ ಕೆಲವು ಮಾತುಗಳ ಬಗ್ಗೆಯೂ ಹೇಳಿಬಿಡ್ತೀನಿ. ಆಚಾರ್ಯ ನಾಗಾರ್ಜುನರು ಅಲ್ಲೇ ವಿಶ್ವವಿದ್ಯಾಲಯ ನಡೆಸಿದ್ರು ಅಂತ ಫಾರ್ವರ್ಡ್ ಬರುತ್ತೆ. ಬೆಟ್ಟಕ್ಕೆ ಅವರ ಹೆಸರು ಪರಂಪರೆಯಿಂದ ಬಂದಿದೆ, ನಿಜ. ಆದ್ರೆ ಅಲ್ಲಿನ ಇಕ್ಷ್ವಾಕು ಶಾಸನಗಳಲ್ಲಿ ಅವರ ಹೆಸರಿಲ್ಲ. ಇನ್ನೊಂದು, ಶಂಕರಾಚಾರ್ಯರೇ ಬಂದು ಎಲ್ಲ ಕೆಡವಿಸಿದ್ರು ಅನ್ನೋದು. ಅಲ್ಲಿ ಉತ್ಖನನ ಮಾಡಿದ ಲಾಂಗ್‌ಹರ್ಸ್ಟ್ ಆ ಸ್ಥಳೀಯ ಐತಿಹ್ಯವನ್ನ ತಮ್ಮ ವರದಿಯಲ್ಲಿ ದಾಖಲಿಸಿದ್ದಾರೆ. ಕಟ್ಟಡಗಳನ್ನ ಕೆಡವಿದ ಕ್ರೂರ ರೀತಿ ನೋಡಿ, ಇದು ಬರೀ ನಿಧಿಗಳ್ಳರ ಕೆಲಸ ಆಗಿರಲಾರದು ಅಂತ ಅವರಿಗೆ ಅನ್ನಿಸಿತ್ತು. ಆದ್ರೆ ಐತಿಹ್ಯ ಐತಿಹ್ಯವೇ. ಶಂಕರರ ಕಾಲಕ್ಕೆ ಇಕ್ಷ್ವಾಕುಗಳು ಹೋಗಿ ಶತಮಾನಗಳೇ ಆಗಿದ್ವು. ನಮ್ಮ ಕೈಯಲ್ಲಿ ಕಲ್ಲಿನ ಸಾಕ್ಷಿ ಇರುವಾಗ ಗಾಳಿ ಮಾತು ಯಾಕೆ ಬೇಕು? ಬಾಬಾಸಾಹೇಬರು ಒಂದೊಂದು ಮಾತಿಗೂ ಆಧಾರ ಹುಡುಕಿ ಬರೆದವರು. ಅವರ ಹೆಸರು ಹೇಳಿಕೊಂಡು ನಾವು ಆಧಾರ ಇಲ್ಲದ್ದನ್ನ ಹಂಚಬಾರದು.

ಈಗ ಮುಳುಗಿದ ಕಥೆ.

ಶತಮಾನಗಳ ಕಾಲ ಆ ಕಣಿವೆ ಮರೆತುಹೋಗಿತ್ತು. ಒಬ್ಬ ಸ್ಥಳೀಯ ಶಾಲಾ ಮೇಷ್ಟ್ರು ಅಲ್ಲೊಂದು ಹಳೇ ಕಂಬ ನೋಡಿ ಮದರಾಸು ಸರ್ಕಾರಕ್ಕೆ ತಿಳಿಸಿದ್ರು. 1926ರಲ್ಲಿ ಶಾಸನ ಇಲಾಖೆಯ ತೆಲುಗು ಸಹಾಯಕ ಎ. ಆರ್. ಸರಸ್ವತಿ ಹೋಗಿ ನೋಡಿ ಅದರ ಮಹತ್ವ ಗುರುತಿಸಿದ್ರು. 1927ರಿಂದ 1931ರವರೆಗೆ ಲಾಂಗ್‌ಹರ್ಸ್ಟ್ ಉತ್ಖನನ ಮಾಡಿಸಿದ್ರು. ಮಹಾಚೈತ್ಯದೊಳಗೆ ಚಿನ್ನದ ಪುಟ್ಟ ಭರಣಿಯಲ್ಲಿ ಒಂದು ಮೂಳೆಯ ಚೂರು ಸಿಕ್ಕಿತು. ಬುದ್ಧನ ಧಾತು ಅಂತ ಗೌರವಿಸಿ ಅದನ್ನ ಆಮೇಲೆ ಸಾರನಾಥದ ಮೂಲಗಂಧಕುಟಿ ವಿಹಾರಕ್ಕೆ ಒಪ್ಪಿಸಿದ್ರು.

1927 ಅಂದ್ರೆ ನಮಗೆ ನೆನಪಾಗೋದು ಬೇರೆ. ಆ ವರ್ಷದ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದ್ರು. ಅಲ್ಲಿ ಕೆರೆ ಮುಟ್ಟಿದ್ದಕ್ಕೆ ನಮ್ಮವರ ಮೇಲೆ ದೊಣ್ಣೆ ಬಿತ್ತು. ಅದೇ ವರ್ಷ ಇಲ್ಲಿ ಬುದ್ಧನ ಕಣಿವೆಯಲ್ಲಿ ಅಗೆತ ಶುರುವಾಯಿತು. ಬೋಧಿಸಿರಿ ಕೆರೆ ಕಟ್ಟಿಸಿ ಹೆಸರು ಬರೆಸಿದ್ದ ಕಣಿವೆ ಅದು.

ಸ್ವಾತಂತ್ರ್ಯ ಬಂತು. ಕೃಷ್ಣೆಗೆ ಅಣೆಕಟ್ಟು ಕಟ್ಟೋ ತೀರ್ಮಾನ ಆಯಿತು. ಕಣಿವೆ ಮುಳುಗುತ್ತೆ ಅಂತ ಗೊತ್ತಾದ ಮೇಲೆ 1954ರಿಂದ 1960ರವರೆಗೆ ಆರ್. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ದೊಡ್ಡ ಪ್ರಮಾಣದ ಉತ್ಖನನ ನಡೀತು. 1955ರ ಡಿಸೆಂಬರ್ 10ರಂದು ನೆಹರೂ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ರು. ಅದಾದ ಒಂದು ವರ್ಷದೊಳಗೆ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಬುದ್ಧನ ಧಮ್ಮಕ್ಕೆ ಬಂದರು. ಯೋಚಿಸಿ. ಅಲ್ಲಿ ನಮ್ಮ ಜನ ಬುದ್ಧನನ್ನ ಮತ್ತೆ ಮನೆಗೆ ಕರ್ಕೊಂಡು ಬರ್ತಿದ್ರು. ಇಲ್ಲಿ ಬುದ್ಧನ ಮನೆಯನ್ನ ನೀರಿಗೆ ಬಿಟ್ಟುಕೊಡೋ ತಯಾರಿ ನಡೀತಿತ್ತು.

ಅಣೆಕಟ್ಟೇ ತಪ್ಪು ಅಂತ ನಾನು ಹೇಳಲಾರೆ. 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಈ ದೇಶದ ನದಿ ಯೋಜನೆಗಳಿಗೆ, ದಾಮೋದರ, ಹಿರಾಕುಡ್‌ಗೆ, ದಾರಿ ಹಾಕಿದವರಲ್ಲಿ ಬಾಬಾಸಾಹೇಬರೂ ಒಬ್ಬರು. ಬರಗಾಲದ ಸೀಮೆಯವನಾದ ನನಗೆ ನೀರಿನ ಬೆಲೆ ಗೊತ್ತು. ನನ್ನ ಪ್ರಶ್ನೆ ಬೇರೆ. ಉಳಿಸಬೇಕಾದದ್ದು ಏನು ಅಂತ ತೀರ್ಮಾನ ಮಾಡಿದಾಗ ಆ ಪಟ್ಟಿಯಲ್ಲಿ ಯಾರ ಹೆಸರಿತ್ತು?

ಕಲ್ಲುಗಳನ್ನ ಉಳಿಸಿದ್ರು. ಅದಕ್ಕೆ ಕೈಮುಗಿಯಲೇಬೇಕು. ಒಂಬತ್ತು ಸ್ಮಾರಕಗಳನ್ನ ಬಿಚ್ಚಿ ಬೆಟ್ಟದ ಮೇಲೆ ತಂದು ಮತ್ತೆ ಕಟ್ಟಿದ್ರು. ಹದಿನಾಲ್ಕರ ಮಾದರಿಗಳನ್ನ ಮಾಡಿಟ್ಟರು. ಬಯಲು ರಂಗಮಂಟಪ, ಇನ್ನು ಕೆಲವು ಕಟ್ಟಡಗಳನ್ನ ದಂಡೆಯ ಅನುಪು ಅನ್ನೋ ಕಡೆ ಎಬ್ಬಿಸಿದ್ರು. 1966ರಲ್ಲಿ ದ್ವೀಪದ ಮೇಲೆ ಮ್ಯೂಸಿಯಂ ಆಯಿತು. 1967ರಲ್ಲಿ ಕಾಲುವೆಗೆ ನೀರು ಬಿಟ್ಟರು.

ಆ ಅಣೆಕಟ್ಟು ಕಲ್ಲುಕಟ್ಟಡದ್ದು, 124 ಮೀಟರ್ ಎತ್ತರ. ಅಷ್ಟೂ ಕಲ್ಲನ್ನ ಸೀಳಿದವರು, ಹೊತ್ತವರು ಯಾರು? ಪಾಲಮೂರಿನ ಕೂಲಿಗಳು, ಒಡ್ಡರು, ಭೂಮಿ ಇಲ್ಲದ ಜಾತಿಗಳವರು. ತಲೆ ಮೇಲೆ ಸಿಂಬಿ, ಅದರ ಮೇಲೆ ಬುಟ್ಟಿ. ಅಡಿಗಲ್ಲಿನ ಮೇಲೆ ಅವರ ಹೆಸರಿಲ್ಲ. ಬನವಾಸಿಯ ನಟಕನಿಗೆ ಸಿಕ್ಕ ಗೌರವ ಗಣರಾಜ್ಯದ ಕಲ್ಲುಕುಟಿಗನಿಗೆ ಸಿಗಲಿಲ್ಲ.

ದ್ವೀಪದಲ್ಲಿ ಇಳಿದು ಎರಡು ತಾಸು ಸುತ್ತಾಡಿದೆ. ಚಕ್ರದಾಕಾರದ ಸ್ತೂಪದ ತಳಪಾಯದ ಸುತ್ತ ಮೂರು ಸುತ್ತು ಹಾಕಿದೆ. ಬೋಧಿಸಿರಿಯ ಚೈತ್ಯದ ಹತ್ರ ಚಪ್ಪಲಿ ಬಿಟ್ಟು ಕೂತೆ. ಯಾರೂ "ನೀನ್ಯಾರು" ಅಂತ ಕೇಳಲಿಲ್ಲ. ಮ್ಯೂಸಿಯಂನಲ್ಲಿ ಹಸಿರು ಛಾಯೆಯ ಸುಣ್ಣಕಲ್ಲಿನಲ್ಲಿ ಬುದ್ಧನ ಬದುಕು ಕೆತ್ತಿದ ಫಲಕಗಳಿವೆ. ಹುಟ್ಟು, ಅರಮನೆ ಬಿಟ್ಟು ಹೊರಡೋದು, ಮೊದಲ ಉಪದೇಶ. ಮುಖಗಳು ಎಷ್ಟು ಜೀವಂತ ಅಂದ್ರೆ ನಮ್ಮ ಕೇರಿಯವರೇ ಕೂತ ಹಾಗಿದೆ.

ವಾಪಸ್ ಬಂದು ಜೆಟ್ಟಿಯ ಹತ್ರ ಹುರಿದ ಮೀನು ಮಾರ್ತಿದ್ದ ಒಬ್ಬ ಅಜ್ಜಿ ಪಕ್ಕ ಕೂತೆ. ಎಪ್ಪತ್ತರ ಮೇಲಿನ ವಯಸ್ಸು. ನನಗೆ ತೆಲುಗು ಬರುತ್ತೆ, ಮಾತಿಗಿಳಿದೆ. "ಅವ್ವಾ, ನಿಮ್ಮ ಊರು ಯಾವುದು?" ಅಂದೆ. ನೀರಿನ ಕಡೆ ಕೈ ತೋರಿಸಿದಳು.

"ಅಲ್ಲೇ ನಾಯನಾ, ಕೆಳಗೆ. ನಾನು ಸಣ್ಣವಳು. ನಮ್ಮಮ್ಮ ಒಂದು ಕೈಯಲ್ಲಿ ನನ್ನ ಹಿಡ್ಕೊಂಡು, ತಲೆ ಮೇಲೆ ಬುಟ್ಟಿ ಇಟ್ಕೊಂಡು ನಡೆದಳು."

"ಪರಿಹಾರ?"

"ಹೊಲ ಇದ್ದೋರಿಗೆ ಬಂತು. ನಮಗೆ ಹೊಲ ಎಲ್ಲಿತ್ತು? ಕೂಲಿ ಮಾಡೋರು ನಾವು. ಬುದ್ಧನ ಕಲ್ಲಿಗೆ ನಂಬರ್ ಬರೆದು ಬೆಟ್ಟ ಹತ್ತಿಸಿದ್ರಂತೆ. ನಮ್ಮ ಗುಡಿಸಲಿಗೆ ಯಾರು ನಂಬರ್ ಬರೀತಾರೆ?"

ಸಿಟ್ಟಿನಿಂದ ಹೇಳಲಿಲ್ಲ. ನಗ್ತಾನೇ ಹೇಳಿ, ನನ್ನ ಎಲೆಗೆ ಇನ್ನೊಂದು ಮೀನಿನ ತುಂಡು ಹಾಕಿದಳು. ದುಡ್ಡು ಕೊಟ್ಟರೆ ಆ ತುಂಡಿನದ್ದು ತಗೊಳ್ಳಲಿಲ್ಲ.

ಕೃಷ್ಣೆಯ ಕಾಲುವೆಗಳಿಂದ ಕರಾವಳಿ ಆಂಧ್ರ ಶ್ರೀಮಂತ ಆಯಿತು. ಹೊಲ ಇದ್ದವರ ಮನೆಗೆ ಟ್ರ್ಯಾಕ್ಟರ್ ಬಂತು, ಅಧಿಕಾರ ಬಂತು. ಅದೇ ಕರಾವಳಿಯ ಕಾರಂಚೇಡುವಿನಲ್ಲಿ 1985ರ ಜುಲೈನಲ್ಲಿ, ನಾವು ಕುಡಿಯೋ ಕೆರೆ ಹೊಲಸು ಮಾಡಬೇಡಿ ಅಂತ ಹೇಳಿದ್ದಕ್ಕೆ ಶುರುವಾದ ಜಗಳ ಆರು ಮಾದಿಗರ ಕೊಲೆಯಲ್ಲಿ ಮುಗೀತು. 1927ರ ಮಹಾಡದಲ್ಲೂ ಕೆರೆ, 1985ರ ಕಾರಂಚೇಡುವಿನಲ್ಲೂ ಕೆರೆ. ನೀರು ಬಂದ ಮಾತ್ರಕ್ಕೆ ಜಾತಿ ತೊಳೆದು ಹೋಗಲಿಲ್ಲ. ನೀರು ಯಾರ ಹೊಲಕ್ಕೆ ಹರೀತು, ಯಾರ ಊರು ಮುಳುಗಿಸಿತು ಅಂತ ಕೇಳದಿದ್ರೆ ಈ ಇತಿಹಾಸ ಅರ್ಥ ಆಗಲ್ಲ.

ಕೊನೆಯದಾಗಿ ನಮ್ಮ ಮನೆ ಮಾತು.

ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಭೀಮಾ ದಂಡೆಯಲ್ಲಿದೆ. ಅಲ್ಲಿಯ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿ ಕೂತಿದ್ದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾಯಿತು. ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ಉತ್ಖನನ ನಡೆದು ಒಂದು ಮಹಾಸ್ತೂಪ ಹೊರಬಂತು. "ರಾಯೋ ಅಸೋಕೋ" ಅಂತ ಹೆಸರು ಬರೆದ ಅಶೋಕನ ಕೆತ್ತನೆ ಸಿಕ್ಕಿದ್ದು ಅಲ್ಲೇ. ಆ ಸ್ತೂಪಕ್ಕೆ ದಾನ ಕೊಟ್ಟವರ ಹೆಸರುಗಳೂ ಕಲ್ಲಿನ ಮೇಲಿವೆ. ಭೀಮೆ ಹೋಗಿ ಕೃಷ್ಣೆ ಸೇರ್ತಾಳೆ. ಕೃಷ್ಣೆ ನಾಗಾರ್ಜುನಕೊಂಡದ ಸುತ್ತ ನಿಂತು, ಅಮರಾವತಿಯ ಮುಂದೆ ಹಾದು ಸಮುದ್ರಕ್ಕೆ ಹೋಗ್ತಾಳೆ. ಮೂರೂ ಒಂದೇ ನೀರಿನ ದಂಡೆಯ ಊರುಗಳು. ಆದ್ರೆ ನಮ್ಮಲ್ಲಿ ಎಷ್ಟು ಜನ ಸನ್ನತಿಗೆ ಹೋಗಿದ್ದೀವಿ? ನಾಗಪುರಕ್ಕೆ ವರ್ಷವರ್ಷ ಬಸ್ಸು ಮಾಡ್ಕೊಂಡು ಹೋಗ್ತೀವಿ, ಹೋಗಬೇಕು ಕೂಡ. ಬರೋ ದಾರಿಯಲ್ಲಿ ಒಂದು ದಿನ ಸನ್ನತಿಗೂ ಕೊಡಿ. ಮಕ್ಕಳನ್ನ ಕರ್ಕೊಂಡು ಹೋಗಿ. ಅವರಿಗೆ ವಿಧಿಕನ ಕಥೆ ಹೇಳಿ.

ಇನ್ನೊಂದು ಕೆಲಸ, ಇದು ಇವತ್ತೇ ಆಗೋದು. ಮನೆಗೆ ಹೋದ ತಕ್ಷಣ ಒಂದು ನೋಟ್‌ಬುಕ್ ತಗೊಳ್ಳಿ. ನಿಮ್ಮ ಅಜ್ಜ, ಅಜ್ಜಿ, ಮುತ್ತಜ್ಜ, ಮುತ್ತಜ್ಜಿಯರ ಹೆಸರು ಬರೆಯಿರಿ. ಏನು ಕೆಲಸ ಮಾಡ್ತಿದ್ರು, ಯಾವ ಬಾವಿ ತೋಡಿದ್ರು, ಯಾವ ಕೆರೆಗೆ ಮಣ್ಣು ಹೊತ್ತರು, ಯಾವ ಅಣೆಕಟ್ಟಿಗೆ ಕಲ್ಲು ಹೊತ್ತರು, ಅದನ್ನೂ ಬರೆಯಿರಿ. ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಬೋಧಿಸಿರಿ ಬಿಡಲಿಲ್ಲ. ಹಿರಿಯರು ಬದುಕಿದ್ದಾಗಲೇ ಕೇಳಿ, ಆಮೇಲೆ ಕೇಳೋಕೆ ಯಾರೂ ಇರಲ್ಲ.

ನಾನು ಲಾಂಚಿನಲ್ಲಿ ವಾಪಸ್ ಬರುವಾಗಲೇ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ನಮ್ಮ ಮುತ್ಯಾ ದುರುಗಪ್ಪ. ಅವರ ಹೆಂಡತಿ ಹುಲಿಗೆಮ್ಮ. ಕಸುಬು ತೊಗಲಿನದು. ಊರಿಗೆ ನೀರೆತ್ತಿ ಕೊಟ್ಟವರು.

ಅವರ ತಂದೆಯ ಹೆಸರು ಕೇಳೋಕೆ ನಮ್ಮಪ್ಪನಿಗೆ ಫೋನ್ ಮಾಡಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲಪಾ, ಯಾರೂ ಕೇಳಿರಲಿಲ್ಲ" ಅಂದ್ರು.

ಜೈಭೀಮ್. ನಮೋ ಬುದ್ಧಾಯ.